ಹುಣಸೆ ಬೀಜದ ಸರಿ

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಕಡೆ ಹುಣಸೆಹಣ್ಣಿನ ಕಾಲ. ಮರ ಹತ್ತಿ ಕೊಂಬೆ ಅಲ್ಲಾಡಿಸುವವರು ಗಂಡಸರು, ಕೆಳಗೆ ಬಿದ್ದದ್ದನ್ನು ಆಯುವವರು ಮಕ್ಕಳು, ಜಗಲಿಯ ಮೇಲೆ ಕೂತು ಸಿಪ್ಪೆ ಒಡೆದು ನಾರು ತೆಗೆದು ಬೀಜ ಬಿಡಿಸುವವರು ಹೆಂಗಸರು. ಹಿಂದೂಪುರದ ಹುಣಸೆ ಮಾರುಕಟ್ಟೆ ಹೆಸರುವಾಸಿಯಾದದ್ದು. ಹಣ್ಣಿನ ಧಾರಣೆ ಏರಿತು, ಇಳಿಯಿತು ಎಂದು ಎಲ್ಲರೂ ಮಾತಾಡುತ್ತಾರೆ. ಬೀಜದ ಮಾತು ಮಾತ್ರ ಯಾರೂ ಆಡುವುದಿಲ್ಲ. ಮಕ್ಕಳು ನಾಲ್ಕು ಬೀಜ ಆಯ್ದುಕೊಂಡು ಕಲ್ಲಿಗೆ ಉಜ್ಜಿ, ಒಂದು ಪಕ್ಕ ಬೆಳ್ಳಗೆ ಮಾಡಿ ಚೌಕಾಬಾರ ಆಡುತ್ತಾರೆ. ಉಳಿದದ್ದು ಮೂಲೆಯಲ್ಲೊಂದು ರಾಶಿ. ಇವತ್ತು ನಾನು ಹೇಳಹೊರಟಿರುವುದು ಆ ಮೂಲೆಯ ರಾಶಿಯ ಬಗ್ಗೆ.

ಗಡಿಯ ಈಚೆ ಇರುವ ನಮ್ಮನ್ನು ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ನಾನು ಕನ್ನಡ ಮಾಧ್ಯಮದ ವಿಜ್ಞಾನ ಮೇಷ್ಟ್ರು. ಮೊದಲ ಕೆಲವು ವರ್ಷ ಮಡಕಶಿರದ ಕಡೆ ಕೆಲಸ ಮಾಡಿದೆ, ಆಮೇಲೆ ವರ್ಗವಾಗಿ ರಾಯದುರ್ಗದ ಕಡೆ ಬಂದೆ. ಎರಡೂ ಆಗ ಅನಂತಪುರ ಜಿಲ್ಲೆಯಲ್ಲೇ ಇದ್ದವು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದಾಗ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಭೂಪಟ ನೋಡಿದರೆ ಮಡಕಶಿರ ಕರ್ನಾಟಕದ ಮಡಿಲಿಗೆ ಚಾಚಿಕೊಂಡಿದೆ, ಪಕ್ಕದ ಪಾವಗಡ ಆಂಧ್ರದ ಮಡಿಲಿಗೆ ಚಾಚಿಕೊಂಡಿದೆ. ರಾಯದುರ್ಗವೋ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕು. ಆ ವರ್ಷ ಬಳ್ಳಾರಿ ಮೈಸೂರಿಗೆ ಹೋಯಿತು, ರಾಯದುರ್ಗ ಆಂಧ್ರಕ್ಕೆ ಬಂತು. ಮಾತು ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ಅಮರಾಪುರ, ರೊಳ್ಳ, ಅಗಳಿ, ಡಿ. ಹಿರೇಹಾಳ್, ಬೊಮ್ಮನಹಾಳ್... ಈ ಮಂಡಲಗಳ ಹಳ್ಳಿಗಳಲ್ಲಿ ಇವತ್ತಿಗೂ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು. ನಮ್ಮ ಮಕ್ಕಳಿಗೆ ಎರಡೂ ನೀರು ಕುಡಿದಷ್ಟು ಸಲೀಸು.

ರಾಯದುರ್ಗದ ಕಡೆ ಬಂದ ಮೇಲೆ ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಹಿಂದಿನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ, ವಾರಕ್ಕೆ ಮೂರು ದಿನ ಬಂದರೆ ಹೆಚ್ಚು. ಪಕ್ಕದವರು ಅವನಿಂದ ಸ್ವಲ್ಪ ಸರಿದು ಕೂರುತ್ತಿದ್ದರು. ಕಾರಣ ಕೇಳಿದರೆ ಮುಸಿಮುಸಿ ನಗು. ಕೊನೆಗೆ ಒಬ್ಬಳು ಹೇಳಿದಳು, "ಕಂಬಳಿ ಮನೆಯೋನು ಸಾರ್, ಬಟ್ಟೆಯೆಲ್ಲಾ ಸರಿ ವಾಸನೆ."

ಸರಿ ಎಂದರೆ ನಮ್ಮ ಕಡೆ ಅಂಟು, ಗಂಜಿ. ಗೋಡೆಗೆ ಕಾಗದ ಅಂಟಿಸುವುದೂ ಸರಿಯೇ, ಮಗುವಿಗೆ ಕುಡಿಸುವ ರಾಗಿಯದೂ ಸರಿಯೇ. ಹುಡುಗನ ಮನೆಯವರು ಕುರುಬರು, ತಲೆಮಾರುಗಳಿಂದ ಕಂಬಳಿ ನೇಯುವವರು. ಚಳ್ಳಕೆರೆಯ ಕಂಬಳಿಯ ಹೆಸರು ನೀವೆಲ್ಲ ಕೇಳಿರುತ್ತೀರಿ. ಅದೇ ಕರಿಯ ಉಣ್ಣೆ, ಅದೇ ದಕ್ಕನಿ ಕುರಿ, ಅದೇ ಗುಂಡಿಮಗ್ಗ ಗಡಿಯ ಈಚೆಗೂ ಇದೆ. ಹುಡುಗ ಶಾಲೆ ತಪ್ಪಿಸುತ್ತಿದ್ದ ದಿನಗಳಲ್ಲಿ ಏನು ಮಾಡುತ್ತಿದ್ದಾನೆ ಎಂದು ನೋಡಲು ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ.

ಬೀದಿಯುದ್ದಕ್ಕೂ ಹಾಸು ಎಳೆದು ಕಟ್ಟಿದ್ದರು. ಹಾಸು ಎಂದರೆ ಮಗ್ಗಕ್ಕೆ ಉದ್ದುದ್ದ ಹೂಡುವ ನೂಲು. ಒಬ್ಬ ಮುದುಕಿ ಪಾತ್ರೆಯಲ್ಲಿ ಗಟ್ಟಿ ಗಂಜಿಯಂಥದ್ದನ್ನು ಹಿಡಿದು ನಿಂತಿದ್ದರು. ಮಗ ದೊಡ್ಡ ಕುಂಚದಿಂದ ಅದನ್ನು ನೂಲಿಗೆ ತಿಕ್ಕಿ ತಿಕ್ಕಿ ಹಚ್ಚುತ್ತಿದ್ದ. ಹುಡುಗ ಇನ್ನೊಂದು ಕಡೆಯಿಂದ ಎಳೆಗಳನ್ನು ಬಿಡಿಸುತ್ತಿದ್ದ. ನನ್ನನ್ನು ಕಂಡು ತಲೆ ತಗ್ಗಿಸಿದ.

"ಇದೇನವ್ವಾ?" ಎಂದೆ.

"ಹುಣಸೆ ಬೀಜದ ಸರಿ ಮೇಷ್ಟ್ರೇ. ಕೈಯಲ್ಲಿ ನೂತಿದ್ದು ನೂಲು, ಮೈತುಂಬಾ ಕೂದಲು ಇರ್ತೈತೆ. ಸರಿ ಹಚ್ಚಲಿಲ್ಲ ಅಂದ್ರೆ ಹಣಿಗೇಲಿ ತಿಕ್ಕಿ ತಿಕ್ಕಿ ಕಿತ್ತೋಗ್ತೈತೆ. ಸರಿ ಹಚ್ಚಿದ್ರೆ ಕೂದಲೆಲ್ಲಾ ಮಲಗ್ತಾವೆ."

ಮಾಡುವ ಬಗೆಯನ್ನೂ ಹೇಳಿದರು. ಬೀಜವನ್ನು ಬಿಸಿ ಮರಳಿನಲ್ಲಿ ಹುರಿಯಬೇಕು. ಕುಟ್ಟಿ ಕೆಂಪು ಸಿಪ್ಪೆ ಹಾರಿಸಬೇಕು. ಬಿಳಿ ಬೇಳೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ರುಬ್ಬಿ, ನೀರು ಸೇರಿಸಿ, ತಳ ಹತ್ತದಂತೆ ತಿರುವುತ್ತಾ ಬೇಯಿಸಬೇಕು. "ತೆಳ್ಳಗಾದ್ರೆ ಹಿಡಿಯಲ್ಲ, ಗಟ್ಟಿಯಾದ್ರೆ ನೂಲು ಕಡ್ಡಿ ಆಗಿ ಮುರೀತೈತೆ. ಇವತ್ತಿಂದು ಇವತ್ತೇ ಮುಗಿಸ್ಬೇಕು, ನಾಳೆಗೆ ಹುಳಿ ಬರ್ತೈತೆ," ಎಂದರು. ಎಷ್ಟು ನೀರು ಎಂದು ಕೇಳಿದ್ದಕ್ಕೆ ಬೆರಳದ್ದಿ ಎತ್ತಿ, ಎಳೆ ಹೇಗೆ ಇಳಿಯುತ್ತದೆ ಎಂದು ತೋರಿಸಿದರು. ಅದೇ ಅವರ ಅಳತೆ.

ನನಗೆ ಅಲ್ಲೇ ಅನ್ನಿಸಿತು: ಎಂಟನೇ ತರಗತಿಯ ಪುಸ್ತಕದಲ್ಲಿ ಕೃತಕ ನೂಲು, ಪ್ಲಾಸ್ಟಿಕ್ ಎಂದು ಪಾಠವಿದೆ. ಪಾಲಿಮರ್ ಎಂದರೆ ಉದ್ದನೆಯ ಸರಪಳಿ ಎಂದು ಕರಿಹಲಗೆಯ ಮೇಲೆ ಗೀಟು ಎಳೆದು ಪಾಠ ಮಾಡುವವನು ನಾನು. ಈ ಮುದುಕಿ ಆ ಸರಪಳಿಯನ್ನು ಪಾತ್ರೆಯಲ್ಲಿ ಬೇಯಿಸುತ್ತಿದ್ದಾರೆ!

ಮರುದಿನದಿಂದ ಪಾಠವನ್ನು ಹುಣಸೆ ಬೀಜದಿಂದಲೇ ಶುರು ಮಾಡಿದೆ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ 30 ಭಾಗ ಸಿಪ್ಪೆ, 70 ಭಾಗ ಬೇಳೆ. ಆ ಬೇಳೆಯ ಅರ್ಧಕ್ಕೂ ಹೆಚ್ಚು ಪಾಲು ಝೈಲೋಗ್ಲುಕಾನ್ ಎಂಬ ವಸ್ತು. ಹೆಸರು ಉದ್ದ, ವಿಷಯ ಸರಳ. ಸಕ್ಕರೆಯ ಸಣ್ಣ ಸಣ್ಣ ಅಣುಗಳು ಕೈ ಕೈ ಹಿಡಿದು ನಿಂತ ಉದ್ದನೆಯ ಸಾಲು, ಆ ಸಾಲಿನ ಪಕ್ಕಕ್ಕೆ ಅಲ್ಲಲ್ಲಿ ಬೇರೆ ಸಕ್ಕರೆಗಳ ಪುಟ್ಟ ಕೊಂಬೆಗಳು. ಮುಖ್ಯ ಸಾಲಿನ ರಚನೆ ಹತ್ತಿಯಲ್ಲಿರುವ, ಕಾಗದದಲ್ಲಿರುವ ಸೆಲ್ಯುಲೋಸ್‌ನದೇ. ಅದಕ್ಕೇ ಹತ್ತಿ, ಸೆಣಬು, ಕಾಗದ ಎಂದರೆ ಈ ಅಂಟಿಗೆ ಬಲು ಪ್ರೀತಿ. ಒಣಗಿದಾಗ ತೆಳ್ಳನೆಯ ಪೊರೆಯಾಗಿ ನೂಲನ್ನು ಸುತ್ತಿಕೊಳ್ಳುತ್ತದೆ. ಮರ ಇದನ್ನು ನಮಗಾಗಿ ಕೂಡಿಟ್ಟದ್ದಲ್ಲ ನೋಡಿ. ಬೀಜ ಮೊಳೆತಾಗ ಸಸಿಗೆ ಬೇಕಾದ ಬುತ್ತಿ ಅದು.

1940ರ ದಶಕದಲ್ಲಿ ನಮ್ಮ ದೇಶದ ಬಟ್ಟೆ ಗಿರಣಿಗಳು ನೂಲಿಗೆ ಗಂಜಿ ಹಾಕಲು ಹುಣಸೆ ಬೀಜದ ಪುಡಿಯನ್ನು ಬಳಸತೊಡಗಿದವು. ಇವತ್ತು ಜಪಾನಿನಲ್ಲಿ ಇದನ್ನು ತಿಂಡಿ ತಿನಿಸಿಗೆ ಗಟ್ಟಿ ಬರಲು ಸೇರಿಸುತ್ತಾರೆ. ಒಣಗಿದ ಕಣ್ಣಿಗೆ ಹಾಕುವ ಹನಿಯ ಔಷಧಿಯಲ್ಲೂ ಇದು ಇದೆ. ಇಷ್ಟು ಹೇಳಿ ಹಿಂದಿನ ಬೆಂಚಿನ ಕಡೆ ನೋಡಿದೆ. ಹುಡುಗ ತಲೆ ಎತ್ತಿದ್ದ. "ಈ ಸರಿ ಮಾಡುವುದು ತರಗತಿಯಲ್ಲಿ ಒಬ್ಬನಿಗೇ ಗೊತ್ತು, ನಾಳೆ ಅವನೇ ಮೇಷ್ಟ್ರು," ಎಂದೆ. ಮರುದಿನ ಅವನು ತಪ್ಪಿಸಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವುದರ ಒಂದು ಸುಖ ಇಂಥ ಕಡೆ ಸಿಗುತ್ತದೆ. ಮರದಿಂದ ಒಸರುವುದನ್ನೆಲ್ಲ ನಾವು ಒಂದೇ ಹೆಸರಿನಿಂದ ಕರೆಯುವುದಿಲ್ಲ. ಕರಿಜಾಲಿಯಿಂದ ಬರುವುದು ಗೋಂದು: ನೀರಿಗೆ ಹಾಕಿದರೆ ಕರಗುತ್ತದೆ. ಧೂಪದ ಮರದಿಂದ ಬರುವುದು ರಾಳ: ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೋ ಸ್ಪಿರಿಟ್ಟಿಗೋ ಕರಗುತ್ತದೆ, ಬೆಂಕಿಗೆ ಹಾಕಿದರೆ ಪರಿಮಳ. ಅರಗು ಬೇರೆ, ಮುತ್ತುಗ, ಬೋರೆಯಂಥ ಮರಗಳ ರಸ ಹೀರಿ ಬದುಕುವ ಪುಟ್ಟ ಹುಳು ಮಾಡುವ ರಾಳ ಅದು. ಮೇಣ ಇನ್ನೂ ಬೇರೆ. ಯಾವುದು ನೀರಿಗೆ ಸೋಲುತ್ತದೆ, ಯಾವುದು ಸೋಲುವುದಿಲ್ಲ ಎಂಬ ವಿಜ್ಞಾನ ಈ ಪದಗಳ ಒಳಗೇ ಇದೆ. ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ, ನೆನಪು ಮಾಡಿಸಿದರೆ ಸಾಕು.

ಇನ್ನೊಂದು ಸಂಗತಿ ಮಕ್ಕಳಿಗೆ ಬಹಳ ಹಿಡಿಸಿತು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಗೊತ್ತಲ್ಲ? ಹಗುರ ಮರದ ಭಾಗಗಳನ್ನು ಕೂಡಿಸುವುದಕ್ಕೂ, ಮೇಲೆ ಬಟ್ಟೆಯ ತುಂಡು ಅಂಟಿಸಿ ನುಣುಪು ಮಾಡುವುದಕ್ಕೂ ಅವರು ಬಳಸುವುದು ಹುಣಸೆ ಬೀಜದ ಅಂಟು. ವಿಜಯವಾಡದ ಬಳಿಯ ಕೊಂಡಪಲ್ಲಿ ಗೊಂಬೆಗಳ ಕೈಕಾಲು ಕೂಡಿಸುವುದು ಹುಣಸೆ ಬೀಜದ ಪುಡಿಗೆ ಮರದ ಹೊಟ್ಟು ಬೆರೆಸಿದ 'ಮಕ್ಕು' ಎಂಬ ಅಂಟಿನಿಂದ. ಹಾಗೆಯೇ ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ವಿಶಾಖಪಟ್ಟಣದ ಆಚೆ ವರಾಹ ನದಿಯ ದಡದ ಏಟಿಕೊಪ್ಪಾಕದಲ್ಲೂ ಅದೇ ಅರಗು, ಅದೇ ಜಾತಿಯ ಮರ. ತೆಲುಗಿನಲ್ಲಿ ಅದಕ್ಕೆ ಅಂಕುಡು ಎಂದು ಹೆಸರು. ಗಡಿ ಹಾಕಿದವರಿಗೆ ಅಂಟು ಎಲ್ಲಿಯವರೆಗೆ ಹಬ್ಬಿದೆ ಎಂದು ಗೊತ್ತಿರಲಿಲ್ಲ!

ಅರಗಿನ ಕತೆಯಲ್ಲೇ ಪ್ಲಾಸ್ಟಿಕ್ಕಿನ ಕತೆಯೂ ಇದೆ. ನಮ್ಮ ದೇಶದ ಅರಗಿಗೆ ಒಂದು ಕಾಲಕ್ಕೆ ಜಗತ್ತಿನಲ್ಲೆಲ್ಲ ಬೇಡಿಕೆ ಇತ್ತು. ಹಳೆಯ ಗ್ರಾಮೋಫೋನ್ ತಟ್ಟೆಗಳು ಅರಗಿನವು, ವಿದ್ಯುತ್ ತಂತಿಗೆ ಬಳಿಯುತ್ತಿದ್ದ ಲೇಪವೂ ಅರಗಿನದೇ. ಹುಳು ಕೊಡುವಷ್ಟು ಸಾಲದೆ ಬಂದಾಗ ಬದಲಿ ಹುಡುಕಿ ಹೊರಟವರಲ್ಲಿ ಲಿಯೋ ಬೇಕ್‌ಲ್ಯಾಂಡ್ ಒಬ್ಬ. 1907ರಲ್ಲಿ ಅವನಿಗೆ ಸಿಕ್ಕಿದ್ದು ಬೇಕಲೈಟ್. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಅದು. ಅಂದರೆ ಮನುಷ್ಯ ಮರದ ಅಂಟಿಗೆ ಬದಲಿಯಾಗಿ ಪ್ಲಾಸ್ಟಿಕ್ ಮಾಡಿದ. ಈಗ ಪ್ಲಾಸ್ಟಿಕ್ಕಿಗೆ ಬದಲಿಯಾಗಿ ಮತ್ತೆ ಮರದ ಅಂಟನ್ನು ಹುಡುಕುತ್ತಿದ್ದಾನೆ.

ಇದು ಬರೀ ಪಾಠವಾಗಿ ಮುಗಿಯಬಹುದಿತ್ತು. ಆದರೆ ಅದೇ ವರ್ಷ, 2022ರ ಮಳೆಗಾಲದಲ್ಲಿ, ಊರಿನ ಒಂದು ಹಸು ಸತ್ತಿತು. ಹೊಟ್ಟೆ ಉಬ್ಬಿ ನಾಲ್ಕು ದಿನ ನರಳಿತು. ಕೊಯ್ದು ನೋಡಿದರೆ ಹೊಟ್ಟೆಯೊಳಗೆ ಮುದ್ದೆಗಟ್ಟಿದ ಪ್ಲಾಸ್ಟಿಕ್. ಮದುವೆ ಊಟದ ತಟ್ಟೆ, ಲೋಟ, ಅನ್ನ ಮೆತ್ತಿದ ಚೀಲ... ಹಸುವಿಗೆ ಗೊತ್ತಾಗುವುದು ಅನ್ನದ ವಾಸನೆ ಅಷ್ಟೇ. ಒಬ್ಬಳು ವಿದ್ಯಾರ್ಥಿನಿಯ ಮನೆಯ ಹಸು ಅದು. ಅವರ ಮನೆ ನಡೆಯುತ್ತಿದ್ದದ್ದು ಅದರ ಹಾಲಿನಿಂದ. ಆ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ದೇಶದಲ್ಲೆಲ್ಲ ನಿಷೇಧಿಸಿದ್ದರು. ಹುಡುಗಿ ಎದ್ದು ನಿಂತು ಕೇಳಿದಳು, "ಸಾರ್, ಹುಣಸೆ ಸರಿಯಲ್ಲಿ ತಟ್ಟೆ ಮಾಡಕ್ಕಾಗಲ್ವಾ? ಹಸು ತಿಂದ್ರೂ ಏನೂ ಆಗಬಾರದು."

ಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಮಾಡಿಯೇ ನೋಡೋಣ ಎಂದುಕೊಂಡೆವು.

ಮೊದಲು ಮಣ್ಣಿಗೆ ಹಾಕಿ ನೋಡಿದೆವು. ಬಿಸಿಯೂಟದ ಕೈ ತೊಳೆಯುವ ನಲ್ಲಿಯ ಪಕ್ಕ, ಬೇವಿನ ಮರದ ಕೆಳಗೆ ಗುಂಡಿ ತೋಡಿ ನಾಲ್ಕು ತುಂಡುಗಳನ್ನು ಹೂತೆವು: ಮುತ್ತುಗದ ಎಲೆಯ ತುಂಡು, ಚಹಾ ಕುಡಿಯುವ ಕಾಗದದ ಲೋಟ, ಪ್ಲಾಸ್ಟಿಕ್ ಚೀಲದ ತುಂಡು, ಹುಣಸೆ ಸರಿಯನ್ನು ತಟ್ಟೆಯಲ್ಲಿ ಒಣಗಿಸಿ ಎಬ್ಬಿಸಿದ ಪೊರೆ. ಒಂದು ತಿಂಗಳ ಮೇಲೆ ಅಗೆದೆವು. ಪೊರೆ ಹೇಳಹೆಸರಿಲ್ಲ. ಎಲೆಯ ನರಗಳು ಮಾತ್ರ ಉಳಿದಿದ್ದವು. ಚೀಲ ಹೊಸದರಂತೆ ಇತ್ತು. ಲೋಟ ಎಲ್ಲರನ್ನೂ ಬೆರಗಾಗಿಸಿತು: ಕಾಗದ ಕೊಳೆತು ಕೈಗೆ ಬಂತು, ಅದರೊಳಗಿನಿಂದ ಲೋಟದ ಆಕಾರದ್ದೇ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಹೊರಬಂತು. ಹಾವು ಬಿಟ್ಟ ಪೊರೆಯ ಹಾಗೆ! ಚಹಾ ಸೋರದಂತೆ ಒಳಗೆ ಮೆತ್ತಿರುವ ಪಾಲಿಥೀನ್ ಅದು. ಕಾಗದದ ಲೋಟ ಎಂದರೆ ಪೂರ್ತಿ ಕಾಗದವೆಂದೇ ಎಲ್ಲರೂ ನಂಬಿದ್ದೆವು.

ನಲ್ಲಿಯ ಪಕ್ಕ ಹೂತದ್ದಕ್ಕೂ ಕಾರಣವಿದೆ. ನಮ್ಮದು ಮಳೆ ಕಡಿಮೆಯ ಸೀಮೆ. ಹಗರಿಯ ದಡದ ಕಣೇಕಲ್ಲು, ಬೊಮ್ಮನಹಾಳ್ ಕಡೆ ಹೋದರೆ ಮರಳ ದಿಬ್ಬಗಳೇ ಇವೆ. ತೇವವಿಲ್ಲದೆ ಸೂಕ್ಷ್ಮಜೀವಿಗಳು ಕೆಲಸ ಮಾಡುವುದಿಲ್ಲ. ಒಣ ಮಣ್ಣಿನಲ್ಲಿ ಎಲೆಯೂ ವರ್ಷಗಟ್ಟಲೆ ಹಾಗೇ ಇರಬಹುದು. ಮಣ್ಣಾಗುತ್ತದೆ ಎಂದು ಬರೆದ ಚೀಟಿಯೊಂದೇ ಸಾಲದು, ಯಾವ ಮಣ್ಣಿನಲ್ಲಿ ಎಂದೂ ಕೇಳಬೇಕು.

ಆಮೇಲೆ ತಯಾರಿಕೆ. ಎರಡು ಸಣ್ಣ ಚಮಚ ಬೀಜದ ಪುಡಿ, ಒಂದು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ತಿರುವುತ್ತಾ ಕುದಿಸಬೇಕು. ತಣ್ಣೀರಿನಲ್ಲಿ ಬರೀ ಕದಡಿದರೆ ಇದು ಸರಿಯಾಗಿ ಅಂಟಾಗುವುದಿಲ್ಲ. ಸ್ಟೀಲ್ ತಟ್ಟೆಗೆ ತೆಳ್ಳಗೆ ಹರಡಿ ಎರಡು ದಿನ ನೆರಳಿನಲ್ಲಿ ಒಣಗಿಸಿದರೆ ಪಾರದರ್ಶಕ ಹಾಳೆ. ಆದರೆ ಹಪ್ಪಳದಂತೆ ಪಟಪಟ ಒಡೆಯುತ್ತದೆ. ಅರ್ಧ ಚಮಚ ಗ್ಲಿಸರಿನ್ ಸೇರಿಸಿ ಮಾಡಿದಾಗ ಬಾಗತೊಡಗಿತು. ಉದ್ದನೆಯ ಸರಪಳಿಗಳ ನಡುವೆ ಗ್ಲಿಸರಿನ್ನಿನ ಸಣ್ಣ ಅಣುಗಳು ನುಸುಳಿ, ಒಂದರ ಮೇಲೊಂದು ಜಾರಲು ಬಿಡುತ್ತವೆ. ಚಪಾತಿ ಹಿಟ್ಟಿಗೆ ಎಣ್ಣೆ ಹಾಕಿದರೆ ಮೆತ್ತಗಾಗುವುದಿಲ್ಲವೇ ಎಂದು ಒಬ್ಬಳು ಹೇಳಿದಳು. ನನಗೆ ಅದಕ್ಕಿಂತ ಒಳ್ಳೆಯ ಹೋಲಿಕೆ ಹೊಳೆಯಲಿಲ್ಲ. ಮಿಕ್ಕ ಸರಿಯನ್ನು ಮುಚ್ಚಿಟ್ಟಿದ್ದೆವು. ಮೂರನೇ ದಿನಕ್ಕೆ ಮೇಲೆಲ್ಲ ಹಸಿರು ಬೂಷ್ಟು. "ಇವತ್ತಿಂದು ಇವತ್ತೇ ಮುಗಿಸ್ಬೇಕು ಅಂತ ನಮ್ಮಜ್ಜಿ ಹೇಳಿದ್ಳಲ್ಲ," ಎಂದ ಹುಡುಗ, ಈಗ ಮುಂದಿನ ಬೆಂಚಿನಿಂದ.

ಎರಡು ಪದರ ಮುತ್ತುಗದ ಎಲೆಯ ನಡುವೆ ಸರಿ ಹಚ್ಚಿ, ಭಾರ ಹೇರಿ ಒಣಗಿಸಿದೆವು. ತಟ್ಟೆ ಗಟ್ಟಿಯಾಯಿತು. ಉಪ್ಪಿಟ್ಟು, ಚಿತ್ರಾನ್ನಕ್ಕೆ ಏನೂ ತೊಂದರೆ ಇಲ್ಲ. ಬಿಸಿ ಸಾರು ಬಿದ್ದರೆ ಹತ್ತು ನಿಮಿಷಕ್ಕೆ ಸರಿ ಮೆತ್ತಗಾಗಿ ಪದರ ಬಿಟ್ಟುಕೊಳ್ಳುತ್ತದೆ. ಗೋಂದಿನ ಸ್ವಭಾವವೇ ಅದು, ನೀರಿಗೆ ಸೋಲುವುದು. ಜೇನುಮೇಣ ಕರಗಿಸಿ ಮೇಲೆ ಬಳಿದ ತಟ್ಟೆ ತಣ್ಣನೆಯ ಮಜ್ಜಿಗೆ ಅನ್ನಕ್ಕೆ ಅರ್ಧ ಗಂಟೆ ತಡೆಯಿತು. ಬಿಸಿ ಸಾರಿಗೆ ಮೇಣವೇ ಕರಗಿತು.

ಎಣ್ಣೆ ಬಳಿದರೆ ಹೇಗೆ? ನಮ್ಮ ಸೀಮೆಯ ಶೇಂಗಾ ಎಣ್ಣೆ, ಹರಳೆಣ್ಣೆ, ಹೊಂಗೆ ಎಣ್ಣೆ, ಜೊತೆಗೆ ಅಗಸೆ ಎಣ್ಣೆ. ನಾಲ್ಕನ್ನೂ ನಾಲ್ಕು ರಟ್ಟಿನ ತುಂಡಿಗೆ ಬಳಿದು ಕಿಟಕಿಯಲ್ಲಿಟ್ಟೆವು. ವಾರವಾದರೂ ಮೂರು ಜಿಡ್ಡುಜಿಡ್ಡಾಗಿಯೇ ಇದ್ದವು. ಅಗಸೆ ಎಣ್ಣೆಯದು ಮಾತ್ರ ಒಣಗಿ ಗಟ್ಟಿ ಪೊರೆಯಾಯಿತು. ನೀರು ಚಿಮುಕಿಸಿದರೆ ಮಣಿಮಣಿಯಾಗಿ ಉರುಳಿತು. ಅಗಸೆ ಎಣ್ಣೆಯ ಅಣುಗಳಲ್ಲಿ ಜೋಡಿ ಬಂಧಗಳು ಹೆಚ್ಚು. ಗಾಳಿಯ ಆಮ್ಲಜನಕ ಅಲ್ಲಿ ಹೊಕ್ಕು ಒಂದು ಅಣುವನ್ನು ಇನ್ನೊಂದಕ್ಕೆ ಹೆಣೆಯುತ್ತದೆ, ಎಣ್ಣೆ ರಾಳದಂತಾಗುತ್ತದೆ. ಹಳೆಯ ಚಿತ್ರಕಾರರ ತೈಲವರ್ಣದ ಗುಟ್ಟೂ ಇದೇ. ಹರಳೆಣ್ಣೆ ತಾನಾಗಿ ಒಣಗದು. ಕಾರ್ಖಾನೆಯಲ್ಲಿ ಕಾಯಿಸಿ ಅದರಿಂದ ನೀರಿನ ಅಂಶ ಕಿತ್ತರೆ ಒಣಗುವ ಎಣ್ಣೆಯಾಗಿ ಬಣ್ಣಕ್ಕೆ, ವಾರ್ನಿಷಿಗೆ ಬರುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿ ಏಳುತ್ತದೆ, ತಾನೇ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಇನ್ನೊಂದು ಮಾತನ್ನು ಮಕ್ಕಳಿಗೆ ಒತ್ತಿ ಹೇಳಿದೆ. ಗಿಡದಿಂದ ಬಂದದ್ದೆಲ್ಲ ಮಣ್ಣಾಗುತ್ತದೆ ಎಂದೇನಿಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ಗೋಡಂಬಿ ಸಿಪ್ಪೆಯ ಎಣ್ಣೆಯನ್ನು ತೆಗೆದುಕೊಳ್ಳಿ. ಕೈಗೆ ತಾಗಿದರೆ ಬೊಬ್ಬೆ ಬರಿಸುವಂಥದ್ದು. ಅದರಿಂದ ಮಾಡಿದ ಗಟ್ಟಿ ರಾಳ ವಾಹನಗಳ ಬ್ರೇಕಿನಲ್ಲಿ ಸವೆಯುತ್ತಾ ಬಿಸಿ ತಾಳುತ್ತದೆ. ಹುಟ್ಟಿದ್ದು ಮರದಲ್ಲಿ, ಆದರೆ ಹೆಣೆದು ಗಟ್ಟಿಯಾದ ಮೇಲೆ ಅದು ಬೇಗ ಕೊಳೆಯುವುದಿಲ್ಲ. ಮೆಕ್ಕೆಜೋಳದ ಸಕ್ಕರೆಯಿಂದ ಪಿ.ಎಲ್.ಎ. ಎಂಬ ಪ್ಲಾಸ್ಟಿಕ್ ಮಾಡುತ್ತಾರೆ; ಅದು ಬೇಗ ಗೊಬ್ಬರವಾಗಬೇಕಾದರೆ 60 ಡಿಗ್ರಿ ಹತ್ತಿರದ ಬಿಸಿ ಹಿಡಿದಿಟ್ಟ ದೊಡ್ಡ ಗೊಬ್ಬರ ಘಟಕ ಬೇಕು. ನಮ್ಮೂರ ತಿಪ್ಪೆಯಲ್ಲಿ ಅದು ಬಹಳ ಕಾಲ ಹಾಗೇ ಬಿದ್ದಿರುತ್ತದೆ. ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ, ಎಲ್ಲಿಗೆ ಹೋಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಯಾವ ವಸ್ತುವನ್ನು ಯಾವುದಾದರೂ ಜೀವಿ ತಿನ್ನಬಲ್ಲದೋ ಅದು ಮಣ್ಣಾಗುತ್ತದೆ. ಯಾರೂ ತಿನ್ನಲಾರದ್ದು ಹಸುವಿನ ಹೊಟ್ಟೆಯಲ್ಲಿ ಉಳಿಯುತ್ತದೆ. ಸಸಿಗೆ ಬುತ್ತಿಯಾಗಿದ್ದದ್ದು ಸೂಕ್ಷ್ಮಜೀವಿಗೂ ಬುತ್ತಿಯೇ.

ಸಾರು ಹಿಡಿಯುವ ತಟ್ಟೆ ನಮ್ಮಿಂದ ಆಗಲಿಲ್ಲ. ಅಗಸೆ ಎಣ್ಣೆಯ ವಾಸನೆ ಊಟದ ತಟ್ಟೆಗೆ ಹೊಂದುವುದೂ ಇಲ್ಲ. ಆದರೆ ಮಕ್ಕಳೇ ಇನ್ನೊಂದು ದಾರಿ ಕಂಡುಕೊಂಡರು. ಹಳೆಯ ನೋಟ್ ಪುಸ್ತಕದ ಹಾಳೆಗಳನ್ನು ಒಂದರ ಮೇಲೊಂದು ಸರಿ ಹಚ್ಚಿ ಅಂಟಿಸಿ, ಕಲ್ಲು ಹೇರಿ ಒಣಗಿಸಿ, ಅಂಚು ಕತ್ತರಿಸಿ, ಮೇಲೆ ಅಗಸೆ ಎಣ್ಣೆ ಎರಡು ಸಲ ತಿಕ್ಕಿದರು. ಪರೀಕ್ಷೆ ಬರೆಯಲು ಇಟ್ಟುಕೊಳ್ಳುತ್ತೇವಲ್ಲ, ಆ ರಟ್ಟು ತಯಾರಾಯಿತು! ಅಂಗಡಿಯ ರಟ್ಟಿಗಿಂತ ತುಸು ಭಾರ, ಆದರೆ ಗಟ್ಟಿ. ಮಳೆ ಹನಿಗೆ ಜಗ್ಗಲಿಲ್ಲ.

ಇದನ್ನೇ ವಿಜ್ಞಾನ ಪ್ರದರ್ಶನಕ್ಕೆ ಒಯ್ದೆವು. ಪಟಗಳನ್ನೆಲ್ಲ ಮಕ್ಕಳು ಕನ್ನಡದಲ್ಲಿ ಬರೆದಿದ್ದರು. ನೋಡಲು ಬಂದ ತೀರ್ಪುಗಾರರೊಬ್ಬರು ಪಟದ ಕಡೆ ಕಣ್ಣು ಹಾಯಿಸಿ, ಓದಲಾಗದೆ, ಮುಂದಿನ ಮೇಜಿಗೆ ಹೋಗಿಬಿಟ್ಟರು. ಗಡಿಯಾಚೆಯ ಕನ್ನಡ ಶಾಲೆಯವರಿಗೆ ಇದೇನು ಹೊಸದಲ್ಲ ಬಿಡಿ. ಆದರೆ ನಮ್ಮ ಹುಡುಗ ಸುಮ್ಮನೆ ನಿಲ್ಲಲಿಲ್ಲ. ರಟ್ಟು ಹಿಡಿದು ಅವರ ಹಿಂದೆಯೇ ಹೋಗಿ, "ಸಾರ್, ಚಿಂತಗಿಂಜಲು..." ಎಂದು ತೆಲುಗಿನಲ್ಲಿ ಶುರುಮಾಡಿದ. ಹುರಿಯುವುದರಿಂದ ಹಿಡಿದು ಹಸುವಿನ ಹೊಟ್ಟೆಯವರೆಗೆ ಎಲ್ಲ ಹೇಳಿದ. ಅವರು ಹಿಂತಿರುಗಿ ಬಂದು ನಮ್ಮ ಮೇಜಿನ ಮುಂದೆ ಬಹಳ ಹೊತ್ತು ನಿಂತರು. ಬಹುಮಾನ ಬರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವನ ಪಕ್ಕದ ಸೀಟಿಗೆ ಇಬ್ಬರು ಜಗಳವಾಡಿದರು. ನನಗೆ ಅದೇ ಬಹುಮಾನ.

ಅಂಟಿನ ಗುಣದ ಬಗ್ಗೆ ಒಂದು ಕೊನೆಯ ಪಾಠ ಗೆದ್ದಲು ಕಲಿಸಿತು. ಕೊಠಡಿಯಲ್ಲಿಟ್ಟಿದ್ದ ಹತ್ತು ರಟ್ಟುಗಳಲ್ಲಿ ಮೂರನ್ನು ಬೇಸಿಗೆ ರಜೆಯಲ್ಲಿ ಗೆದ್ದಲು ತಿಂದುಹಾಕಿತ್ತು. ಮಕ್ಕಳಿಗೆ ಅಳು ಬರುವಂತಾಯಿತು. ಪುಸ್ತಕ ಕಟ್ಟುವವರು ಸರಿಗೆ ಮೈಲುತುತ್ತ ಹಾಕುತ್ತಾರೆ, ಹುಳ ಬರುವುದಿಲ್ಲ. ಆದರೆ ಅದು ವಿಷ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಗೆದ್ದಲು ತಿಂದದ್ದು ನಮ್ಮ ಸರಿಯ ಸೋಲೇ ಎಂದು ತರಗತಿಯಲ್ಲಿ ಚರ್ಚೆ ನಡೆಯಿತು. ಹಸು ಸತ್ತ ಮನೆಯ ಹುಡುಗಿ ಹೇಳಿದಳು: "ಗೆದ್ದಲು ತಿಂತು ಅಂದ್ರೆ ಹಸುನೂ ತಿನ್ನಬಹುದು ಅಂತ ತಾನೆ ಸಾರ್?" ನಾವು ವಸ್ತುಗಳನ್ನು ಎಷ್ಟು ದಿನ ಬಾಳಬೇಕು ಎಂದು ಯೋಚಿಸದೆ ಮಾಡುತ್ತೇವೆ. ಒಂದು ಹೊತ್ತಿನ ಊಟದ ತಟ್ಟೆ ನೂರಾರು ವರ್ಷ ಬಾಳಬೇಕೇ? ಕಂಬಳಿ ನೇಯುವ ಅಜ್ಜಿಯ ಸರಿ ನೇಯ್ಗೆ ಮುಗಿಯುವವರೆಗೆ ನೂಲನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಆಮೇಲೆ ಬಳಸುತ್ತಾ, ಒಗೆಯುತ್ತಾ ಕಂಬಳಿ ಮೆತ್ತಗಾಗುತ್ತದೆ. ಎಷ್ಟು ಕಾಲ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ತಿಳಿದ ಅಂಟು ಅದು.

ಆ ಹುಡುಗ 2025ರಲ್ಲಿ ಹತ್ತನೇ ತರಗತಿ ಪರೀಕ್ಷೆಯನ್ನು ಕನ್ನಡದಲ್ಲೇ, ತಾನು ಮಾಡಿದ ರಟ್ಟಿನ ಮೇಲೆ ಬರೆದು ಪಾಸಾದ. ನಡುವೆ ಒಂದು ಬೇಸಿಗೆ ರಾಯದುರ್ಗದ ಜೀನ್ಸ್ ಹೊಲಿಗೆಗೆ ಹೋಗಿದ್ದ. ಅವನ ಜೊತೆಯವರಲ್ಲಿ ಕೆಲವರು ಅಲ್ಲೇ ಉಳಿದರು, ಇವನು ಶಾಲೆಗೆ ವಾಪಸು ಬಂದ. ಈಗ ಬಳ್ಳಾರಿಯಲ್ಲಿ ಐ.ಟಿ.ಐ. ಓದುತ್ತಿದ್ದಾನೆ. ಅವರ ಮನೆಯ ಮಗ್ಗ ಮಾತ್ರ ನಿಂತಿದೆ. ಅಗ್ಗದ ಗಿರಣಿ ಹೊದಿಕೆಗಳ ಮುಂದೆ ಕರಿ ಕಂಬಳಿ ಕೊಳ್ಳುವವರು ಕಡಿಮೆ. ಅಜ್ಜಿಗೆ ಕಣ್ಣು ಮಂಜು. ಸರಿ ಮಾಡುವ ವಿಧಾನವನ್ನು ಅವರ ಬಾಯಿಂದಲೇ ಕೇಳಿ, ಅವರದೇ ಮಾತಿನಲ್ಲಿ, ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಬೆರಳಿನಿಂದ ಎಳೆ ಇಳಿಯುವುದನ್ನು ಬರೆಯಲಾಗದೆ, ಚಿತ್ರ ಬಿಡಿಸಿದ್ದಾರೆ.

ನಮ್ಮ ಶಾಲೆಗಳಲ್ಲಿ ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಕನ್ನಡದಲ್ಲಿ ಓದಿ ಏನು ಮಾಡುತ್ತೀಯಾ ಎಂದು ಕೇಳುವವರಿಗೆ ನಾನು ದೊಡ್ಡ ಉತ್ತರ ಕೊಡಲಾರೆ. ಆದರೆ ಇಷ್ಟು ಹೇಳಬಲ್ಲೆ: ಆ ಅಜ್ಜಿಗೂ ಪಾಲಿಮರ್ ಎಂಬ ಪಾಠಕ್ಕೂ ನಡುವೆ ಒಂದು ಸೇತುವೆ ಬೇಕಿತ್ತು. ಅದು ಅವರಿಬ್ಬರಿಗೂ ಗೊತ್ತಿದ್ದ ಭಾಷೆಯಲ್ಲೇ ಆಗಬೇಕಿತ್ತು.

ನಿಮ್ಮ ಊರಲ್ಲಿ ಯಾವ ಅಂಟು ಇದೆ? ಕಾಸರಗೋಡಿನ ಮೇಷ್ಟ್ರುಗಳೇ, ಗೋಡಂಬಿ ಎಣ್ಣೆಯನ್ನು ನಿಮ್ಮ ಹಿರಿಯರು ಯಾವುದಕ್ಕೆ ಬಳಿಯುತ್ತಿದ್ದರು? ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವರೇ, ನಿಮ್ಮ ನೇಕಾರರು ನೂಲಿಗೆ ಏನು ಹಾಕುತ್ತಾರೆ? ಮಕ್ಕಳನ್ನು ಒಂದು ಭಾನುವಾರ ಅಂಥವರ ಮನೆಗೆ ಕಳಿಸಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಸಿ. ಹುಣಸೆ ಬೀಜ ಮುಂದಿನ ವರ್ಷವೂ ಸಿಗುತ್ತದೆ. ಹೇಳುವವರು ಸಿಗುತ್ತಾರೋ ಇಲ್ಲವೋ...